ಸಂಬಳದಲ್ಲಿ ಮುರಿದುಕೊಂಡ ತೆರಿಗೆಗೆ ಲೆಕ್ಕ ಕೊಡೋರು ಯಾರು?

ಮಾನ್ಯ ಸಂಪಾದಕರೆ,

ನೌಕರರಿಗೆ ಸಕಾಲಕ್ಕೆ ಫಾರ್ಮ್ 16 (ಸಂಬಳದಿಂದ ಹಿಡಿದ ತೆರಿಗೆಗೆ ಕಂಪನಿ ಕೊಡುವ ಪ್ರಮಾಣಪತ್ರ) ಕೊಡದ ಕಂಪನಿಗಳ ಮೇಲೆ ಕಟ್ಟುನಿಟ್ಟಿನ ಕ್ರಮ ಎಂದು ತೆರಿಗೆ ಇಲಾಖೆಯ ಸಾಹೇಬರು ಹೇಳಿದ್ದಾಗಿ ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ವರದಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವರದಿ ಬಂದ ಮರುದಿನವೇ, ಅಂದರೆ ನಿನ್ನೆ, ಅದೇ ಫಾರ್ಮ್ 16ಕ್ಕಾಗಿ ನನ್ನ ಹಳೆಯ ಕಂಪನಿಯ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಕಟ್ಟುನಿಟ್ಟು ಅಲ್ಲಿ ಜೋರಾಗಿಯೇ ಇತ್ತು. ಆದರೆ ನನ್ನ ಮೇಲೆ.

ಕುಡತಿನಿ ರಸ್ತೆ ಕಡೆಯ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿ. ಹೆಸರು ಬೇಡ ಬಿಡಿ. ಅಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ, ಫೆಬ್ರವರಿ ಕೊನೆಗೆ ಬಿಟ್ಟೆ. ಜೂನ್ 15ರೊಳಗೆ ಫಾರ್ಮ್ 16 ಕೊಡಬೇಕು ಅನ್ನೋದು ನಿಯಮ. ಜುಲೈ ಮುಗಿಯುತ್ತಾ ಬಂತು. ಫೋನ್ ಮಾಡಿದರೆ ಎಚ್‌ಆರ್‌ನವರು ಅಕೌಂಟ್ಸ್ ಕೇಳಿ ಅನ್ನುತ್ತಾರೆ. ಅಕೌಂಟ್ಸ್‌ನವರು ಹೆಡ್ ಆಫೀಸ್ ಅನ್ನುತ್ತಾರೆ. ಹೆಡ್ ಆಫೀಸ್ ಇರುವುದು ಹೈದರಾಬಾದಿನಲ್ಲಿ, ಅಲ್ಲಿ ಫೋನ್ ಎತ್ತುವವರು ಆಡಿಟರ್ ಹತ್ತಿರ ಇದೆ ಅನ್ನುತ್ತಾರೆ. ಆ ಆಡಿಟರ್ ಯಾವ ಊರಲ್ಲಿದ್ದಾರೋ ದೇವರಿಗೇ ಗೊತ್ತು. ಮೇಲ್ ಹಾಕಿ ಅಂದರು, ಹಾಕಿದೆ. ಕಂಪನಿ ಪೋರ್ಟಲ್‌ನಲ್ಲಿ ಇಳಿಸಿಕೊಳ್ಳಿ ಅಂತ ಉತ್ತರ ಬಂತು. ಕೆಲಸ ಬಿಟ್ಟ ದಿನವೇ ನನ್ನ ಲಾಗಿನ್ ಬಂದ್ ಮಾಡಿದವರು ಇವರೇ.

ಕೊನೆಗೆ ಹನ್ನೊಂದು ಗಂಟೆಗೆ ಬನ್ನಿ ಅಂದರು. ಈಗಿನ ಕಂಪನಿಯಲ್ಲಿ ಅರ್ಧ ದಿನ ರಜೆ ಹಾಕಿ, ಸುಧಾ ಕ್ರಾಸ್‌ನಲ್ಲಿ ಲಾರಿಗಳ ಹಿಂದೆ ಹೊಗೆ ಕುಡಿಯುತ್ತಾ ನಿಂತು, ಅಂತೂ ಹೋದೆ. ಸೆಕ್ಯುರಿಟಿಯವನು ರಿಜಿಸ್ಟರ್ ಮುಂದಿಟ್ಟ. ‘ಯಾರನ್ನು ನೋಡಬೇಕು’ ಅನ್ನುವ ಕಾಲಂ ಇತ್ತು. ಎಚ್‌ಆರ್ ಅಂತ ಬರೆದೆ. ಹೆಸರು ಬರೀರಿ ಅಂದ. ನನಗೆ ಗೊತ್ತಿದ್ದ ಹೆಸರು ಬರೆದರೆ, ಅವರು ಬಿಟ್ಟು ಹೋಗಿದ್ದಾರೆ ಅಂದ. ಹೊಸಬರ ಹೆಸರೇನಪ್ಪಾ ಅಂದರೆ, ಅದನ್ನು ಹೇಳೋ ಹಾಗಿಲ್ಲ! ಪಾಪ, ಅವನದೇನು ತಪ್ಪು. ಗುತ್ತಿಗೆ ಹುಡುಗ, ಹೇಳಿದ್ದು ಮಾಡುತ್ತಾನೆ.

ಒಂದೂವರೆ ಗಂಟೆ ಕಳೆದ ಮೇಲೆ ಒಬ್ಬ ಹುಡುಗಿ ಹೊರಗೆ ಬಂದು, ನಿಮ್ಮದು ನೋ ಡ್ಯೂಸ್ (ಬಾಕಿ ಏನೂ ಇಲ್ಲ ಅನ್ನುವ ಪತ್ರ) ಕ್ಲಿಯರ್ ಆಗಿಲ್ಲ, ಹೆಲ್ಮೆಟ್ ವಾಪಸ್ ಬಂದಿಲ್ಲ ಅಂದಳು. ಹೆಲ್ಮೆಟ್! ಸ್ಟೋರ್‌ಗೆ ಕೊಟ್ಟು ಸಹಿ ಹಾಕಿಸಿಕೊಂಡ ಹಳದಿ ಚೀಟಿ ನನ್ನ ಪರ್ಸಿನಲ್ಲೇ ಇತ್ತು, ತೋರಿಸಿದೆ. ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಮೇಲೆ ಕಳಿಸ್ತೀನಿ ಸರ್ ಅಂತ ಒಳಗೆ ಹೋದಳು. ಅಲ್ಲಿಗೆ ಮುಗಿಯಿತು. ಅಲ್ಲಾ ಸ್ವಾಮಿ, ಹೆಲ್ಮೆಟ್‌ಗೂ ತೆರಿಗೆಗೂ ಏನು ಸಂಬಂಧ? ನಾನು ಹೆಲ್ಮೆಟ್ ಕದ್ದೇ ಇದ್ದರೂ ನನ್ನ ಸಂಬಳದಿಂದ ಹಿಡಿದ ತೆರಿಗೆಗೆ, ಅಂದರೆ ಟಿಡಿಎಸ್‌ಗೆ, ಲೆಕ್ಕ ಕೊಡಬೇಕೋ ಬೇಡವೋ?

ನನಗಿರುವ ಅನುಮಾನವೇ ಬೇರೆ. ಫಾರ್ಮ್ 16ರ ಎ ಭಾಗ ಕಂಪನಿಯವರು ಕೂತು ಬರೆಯುವಂಥದ್ದಲ್ಲ, ಇಲಾಖೆಯ ಟ್ರೇಸಸ್ ಪೋರ್ಟಲ್‌ನಿಂದ ಇಳಿಸಿಕೊಡಬೇಕು. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರವನ್ನು 24ಕ್ಯೂ ಅನ್ನುವ ತ್ರೈಮಾಸಿಕ ವಿವರಪಟ್ಟಿಯಲ್ಲಿ ಮೇ 31ರೊಳಗೆ ಸಲ್ಲಿಸಿದ್ದರೆ ತಾನೇ ಅದು ಇಳಿಯುವುದು? ನನ್ನ 26ಎಎಸ್, ಅಂದರೆ ನನ್ನ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ, ತೆಗೆದು ನೋಡಿದೆ. ಡಿಸೆಂಬರ್‌ವರೆಗಿನದ್ದು ಇದೆ. ಜನವರಿ, ಫೆಬ್ರವರಿಯದ್ದು ನಾಪತ್ತೆ. ಸಂಬಳದ ಚೀಟಿಯಲ್ಲಿ ಮಾತ್ರ ಎರಡು ತಿಂಗಳೂ ಮುರಿದುಕೊಂಡದ್ದು ಅಚ್ಚುಕಟ್ಟಾಗಿ ಅಚ್ಚಾಗಿದೆ. ಹಿಡಿದ ತೆರಿಗೆಯನ್ನು ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಕಟ್ಟಿದ್ದಾರಾ, ಇಲ್ಲಾ ಮಾಲೀಕರ ಹೊಸ ಕಾರಿನ ಕಂತಿಗೆ ಹೋಯಿತಾ, ಕೇಳೋರು ಯಾರು?

ಫಾರ್ಮ್ ಇಲ್ಲದಿದ್ದರೂ ಸಂಬಳದ ಚೀಟಿ ಇಟ್ಟುಕೊಂಡು ರಿಟರ್ನ್ ಹಾಕಬಹುದು ಅಂತ ನಮ್ಮ ಆಡಿಟರ್ ಹೇಳುತ್ತಾರೆ. ಹಾಕಬಹುದು, ನಿಜ. ಆದರೆ 26ಎಎಸ್‌ನಲ್ಲಿ ಇಲ್ಲದ ತೆರಿಗೆ ತೋರಿಸಿದರೆ ಬಾಕಿ ಕಟ್ಟು ಅಂತ ಕಂಪ್ಯೂಟರ್ ನೋಟಿಸ್ ಕಳಿಸುತ್ತದೆ. ಸಂಬಳದಿಂದ ಹಿಡಿದಾದ ಮೇಲೆ ಅದೇ ತೆರಿಗೆಯನ್ನು ಮತ್ತೆ ನೌಕರನ ಹತ್ತಿರ ಕೇಳುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾನೂನಿನ 205ನೇ ಕಲಂ ಇದೆ. ಅದನ್ನು ಕಂಪ್ಯೂಟರಿಗೆ ಯಾರು ಓದಿ ಹೇಳಬೇಕು? ನಾನೇ! ನೋಟಿಸಿಗೆ ಉತ್ತರ ಬರೆಯಲು ಮತ್ತೆ ಆಡಿಟರ್ ಫೀಸು.

ನ್ಯಾಯ ನೋಡಿ ಹೇಗಿದೆ. ರಿಟರ್ನ್ ಹಾಕುವುದು ಜುಲೈ 31 ದಾಟಿದರೆ ನನಗೆ 5,000 ರೂಪಾಯಿ ಲೇಟ್ ಫೀ. ಆದಾಯ 5 ಲಕ್ಷ ದಾಟದಿದ್ದರೆ 1,000. ಯಾವ ಅಧಿಕಾರಿಯೂ ಬೇಕಿಲ್ಲ, ಪೋರ್ಟಲ್ ತಾನಾಗಿಯೇ ಸೇರಿಸಿ ವಸೂಲಿ ಮಾಡುತ್ತದೆ. ಫಾರ್ಮ್ ಕೊಡದ ಕಂಪನಿಗೂ ದಿನಕ್ಕೆ 500 ರೂಪಾಯಿ ದಂಡ ಹಾಕಲು ಅವಕಾಶವಿದೆಯಂತೆ, ಹಿಡಿದ ತೆರಿಗೆಯ ಮೊತ್ತ ಮೀರದ ಹಾಗೆ. ಅದು ಮಾತ್ರ ತಾನಾಗಿ ಬೀಳುವುದಿಲ್ಲ. ಸಾಹೇಬರು ಮನಸ್ಸು ಮಾಡಬೇಕು. ಸಾಹೇಬರೋ, ಆ ವರದಿಯ ಜೊತೆ ನಿಮ್ಮ ಪತ್ರಿಕೆಯಲ್ಲಿ ಬಂದ ಫೋಟೊದಲ್ಲಿ ನೋಡಿದಂತೆ, ಶಾಲು ಹೊದ್ದು ದೀಪ ಹಚ್ಚುತ್ತಿದ್ದರು. ಅಕ್ಕಪಕ್ಕದಲ್ಲಿ ನಿಂತ ಫ್ಯಾಕ್ಟರಿ ಮಾಲೀಕರಲ್ಲಿ ಎಷ್ಟು ಜನ ಜೂನ್ 15ಕ್ಕೆ ಫಾರ್ಮ್ ಕೊಟ್ಟಿದ್ದಾರೆ ಅಂತ ಅಲ್ಲೇ ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಇದು ತೆರಿಗೆ ಇಲಾಖೆಯವರ ಚಾಳಿ ಮಾತ್ರ ಅಲ್ಲ. ನಮ್ಮ ಊರಲ್ಲಿ ತೆಗೆದುಕೊಳ್ಳುವ ಕೈಗೆ ಇರುವ ಚುರುಕು ಕೊಡುವ ಕೈಗೆ ಎಂದೂ ಇಲ್ಲ. ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿ, 5% ರಿಯಾಯಿತಿ ಅಂತ ಪಾಲಿಕೆಯವರು ಆಟೋದಲ್ಲಿ ಮೈಕ್ ಹಾಕಿಕೊಂಡು ತಿರುಗುತ್ತಾರೆ. ನಲ್ಲಿಯಲ್ಲಿ ನೀರು ಎಂದು ಬಿಡುತ್ತೀರಿ ಅಂತ ಕೇಳಿದರೆ ಆ ಮೈಕ್ ಕೆಟ್ಟಿರುತ್ತದೆ. ನಮ್ಮ ಬೀದಿಯ ಚರಂಡಿಯ ಬಗ್ಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದೆ, ಆ ಸ್ವೀಕೃತಿಯ ಶಾಯಿಯೇ ಮಾಸಿ ಹೋಗಿದೆ. ಕುಡತಿನಿ ರಸ್ತೆಯ ಧೂಳಿನ ಬಗ್ಗೆ ಪರಿಸರ ಇಲಾಖೆಯವರಿಗೆ ಬರೆದವರ ಕಥೆಯೂ ಇದೇ. ಹಗಲು ಬಂದು ನೋಡಿ, ಹೊಗೆ ಕಾಣಲಿಲ್ಲ ಅಂತ ಬರೆದುಕೊಂಡು ಹೋದರು. ಹೊಗೆ ಬಿಡುವುದು ರಾತ್ರಿ ಅಂತ ಬಳ್ಳಾರಿಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಪಿಎಫ್ ಕಥೆ ಎತ್ತಿದರೆ ಈ ಪತ್ರ ನಿಮ್ಮ ಪುಟದಲ್ಲಿ ಹಿಡಿಸುವುದಿಲ್ಲ.

ನಾನೇನೋ ನಾಲ್ಕಕ್ಷರ ಕಲಿತವನು, 26ಎಎಸ್ ತೆಗೆದು ನೋಡಿದೆ. ಅಲ್ಲೇ ಪಾಳಿಯಲ್ಲಿ ದುಡಿಯುವ ಕ್ರೇನ್ ಆಪರೇಟರ್‌ಗಳು, ಫಿಟ್ಟರ್‌ಗಳು ಓವರ್‌ಟೈಮ್ ಸೇರಿ ಟಿಡಿಎಸ್ ಹಿಡಿಸಿಕೊಳ್ಳುತ್ತಾರೆ. ಅವರಲ್ಲಿ ಎಷ್ಟು ಜನರಿಗೆ ರೀಫಂಡ್ ಬರಬೇಕಾಗಿತ್ತೋ? ಕೇಳಿದವರಿಗೇ ಈ ಗತಿಯಾದರೆ ಕೇಳದವರದು ಬಿಡಿ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಇತ್ತ ಗಮನ ಹರಿಸಬೇಕು. ಇಂಥ ಕಂಪನಿಗಳಿಗೆ ಬಿಸಿ ಮುಟ್ಟಿಸಬೇಕು, ಇಲ್ಲವೇ ಫಾರ್ಮ್ 16 ಅನ್ನುವುದನ್ನೇ ರದ್ದು ಮಾಡಿ ನಮ್ಮನ್ನು ನಮ್ಮ ಪಾಡಿಗೆ ಬಿಡಬೇಕು. ಜಿಲ್ಲಾಧಿಕಾರಿಗಳು ಒಮ್ಮೆ ಆ ಗೇಟಿಗೆ ಹೋಗಿ ನೋಡಲಿ. ತೆರಿಗೆ ಅವರ ವ್ಯಾಪ್ತಿಗೆ ಬರುವುದಿಲ್ಲ ಅನ್ನುತ್ತಾರೆ, ಗೊತ್ತು. ಈ ಜಿಲ್ಲೆಯಲ್ಲಿ ಯಾವುದು ಯಾರ ವ್ಯಾಪ್ತಿಗೆ ಬರುತ್ತದೋ ಅದನ್ನಾದರೂ ಒಂದು ಬೋರ್ಡ್ ಬರೆಸಿ ಹಾಕಿಬಿಡಿ.

— ನೊಂದ ಸಂಬಳದಾರ,
ಸತ್ಯನಾರಾಯಣ ಪೇಟೆ, ಬಳ್ಳಾರಿ