ಭಾನುವಾರದ ಓದು: ಜಾಗ ಬದಲು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ನಮ್ಮ ಕಾನೂನು ಓದು ಧಾರವಾಡದ ಸಾಧನಕೇರಿ ಕೆರೆ ಬಳಿ. ವಿಷಯ: ಕಾಗದಪತ್ರ ಇಲ್ಲದ ವಲಸಿಗರ ಹಕ್ಕು ಮತ್ತು ದೇಶದ ಅಧಿಕಾರ.

ಎರಡು ತೀರ್ಪು ಓದಿಕೊಂಡು ಬನ್ನಿ. ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲ ಎಂದು ಸುಪ್ರೀಂ ಕೋರ್ಟ್ 1955ರ ಹ್ಯಾನ್ಸ್ ಮುಲ್ಲರ್ (ಜರ್ಮನ್ ಪ್ರಜೆ) ಪ್ರಕರಣದಲ್ಲಿ ಹೇಳಿತು. 1996ರ ಚಕ್ಮಾ (ಈಗಿನ ಬಾಂಗ್ಲಾದೇಶದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ ನಿರಾಶ್ರಿತರು) ಪ್ರಕರಣದಲ್ಲಿ ಅದೇ ಕೋರ್ಟ್, ಸಂವಿಧಾನದ 21ನೇ ವಿಧಿಯ ಜೀವದ ಹಕ್ಕು ನಾಗರಿಕರಲ್ಲದವರಿಗೂ ಇದೆ ಎಂದಿತು. ಒಂದಕ್ಕೊಂದು ವಿರುದ್ಧ ಅನಿಸುತ್ತದೆ, ಅಲ್ವಾ? ನನಗೆ ಹಾಗನಿಸುವುದಿಲ್ಲ. ಕಳಿಸಬಹುದು, ಆದರೆ ಮನಸ್ಸಿಗೆ ಬಂದಂತೆ ನಡೆಸಿಕೊಳ್ಳುವಂತಿಲ್ಲ. ಜಗಳ ಅಲ್ಲಿಗೇ ಇಟ್ಟುಕೊಳ್ಳೋಣ!

ಭಾರತ ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅದೂ ನೆನಪಿರಲಿ.

ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಹುಬ್ಬಳ್ಳಿಯವರು ಸೇರಿ ಒಂದೇ ಕಾರಿನಲ್ಲಿ ಬಂದರೆ ಒಳ್ಳೆಯದು. ಚಹಾ ನನ್ನದು, ಪೇಢೆ ಯಾರಾದರೂ ತನ್ನಿ.