ಗೆಳೆಯನಿಗೊಂದು ಪತ್ರ: ಪುಟ್ಟಿಯ ಕೋಣೆಗೆ ಖಣದ ತೋರಣ

ಪ್ರೀತಿಯ ಗೆಳೆಯಾ,

ಪುಟ್ಟಿಯ ಕೋಣೆಗೆ ಬಟ್ಟೆಯ ಅಲಂಕಾರ ಏನು ಮಾಡಲಿ ಅಂತ ಕೇಳಿದ್ದೆಯಲ್ಲ. ತೋರಣದಿಂದ ಶುರು ಮಾಡು. ಅಂಟಿನದ್ದು ಮಾತ್ರ ಬೇಡ. ಹೊಲಿದದ್ದಾದರೆ ಧೂಳು ಕೂತಾಗ ಒಗೆಯಬಹುದು, ಅಂಟಿಸಿದ್ದು ಮೊದಲ ಒಗೆತಕ್ಕೇ ಬಿಚ್ಚಿಕೊಳ್ಳುತ್ತದೆ.

ಬಟ್ಟೆಗೆ ಗುಳೇದಗುಡ್ಡದ ಖಣ, ಅಂದರೆ ಕುಬಸಕ್ಕೆಂದೇ (ರವಿಕೆಗೆಂದೇ) ನೇಯುವ ಬಟ್ಟೆ, ಒಪ್ಪುತ್ತದೆ. ಉಡಿ ತುಂಬುವಾಗ ಕುಬಸದ ಖಣವನ್ನು ಮೂರು ಮೂಲೆಯಾಗಿ ಮಡಚಿ ಕೊಡುತ್ತಾರಲ್ಲ, ತೋರಣಕ್ಕೂ ಬೇಕಾದದ್ದು ಅದೇ ಆಕಾರ. ಹಿಂಬದಿಗೆ ಹಳೆಯ ಹತ್ತಿ ಪಂಚೆ ಸಾಕು. ಎಷ್ಟೋ ಸಲ ಒಗೆದದ್ದಾದ್ದರಿಂದ ಅದು ಇನ್ನು ಕುಗ್ಗುವುದಿಲ್ಲ. ಖಣ ಹೊಸದಾಗಿದ್ದರೆ ತಣ್ಣೀರಲ್ಲಿ ಬೇರೆಯಾಗಿ ನೆನೆಸಿ ಒಣಗಿಸು. ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡು. ಬಣ್ಣ ಬಿಡುತ್ತಿದ್ದರೆ ಬಿಡದವರೆಗೂ ಒಗೆ. ಇಲ್ಲದಿದ್ದರೆ ಮುಂದೆ ಪಂಚೆಯ ಮೇಲೆ ಕಲೆ ಕೂರುತ್ತದೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಂಬಿಕೊಂಡು ಈ ಪರೀಕ್ಷೆ ಬಿಡಬೇಡ.

ಹತ್ತು ಅಡಿ ಗೋಡೆಗೆ 12 ಪತಾಕೆ ಬೇಕು. ದಪ್ಪ ರಟ್ಟಿನಲ್ಲಿ ಒಂದು ತ್ರಿಕೋನ ಕತ್ತರಿಸಿಕೊ: ಮೇಲೆ 6 ಇಂಚು ಅಗಲ, ತುದಿಯವರೆಗೆ ಏಳೂವರೆ ಇಂಚು ಎತ್ತರ. ಖಣದ ಅಗಲ ಎಲ್ಲ ಕಡೆ ಒಂದೇ ಇರುವುದಿಲ್ಲ, ಅಳೆದುಕೊ. ದಡಿ ಬಿಟ್ಟು 30 ಇಂಚು ಸಿಕ್ಕರೆ, ರಟ್ಟನ್ನು ಒಮ್ಮೆ ನೇರ, ಒಮ್ಮೆ ತಲೆಕೆಳಗಾಗಿ ಇಡುತ್ತಾ ಹೋದಾಗ ಒಂದು ಸಾಲಿಗೆ 7 ಬರುತ್ತವೆ. ಎರಡು ಸಾಲಿಗೆ ಅರ್ಧ ಮೀಟರ್ ಸಾಕು. ಖಣದಲ್ಲಿ ನೇಯ್ದ ಬುಟ್ಟಾಗಳಿಗೆ (ಸಣ್ಣ ಚಿತ್ತಾರಗಳಿಗೆ) ತಲೆ-ಬುಡ ಇದ್ದರೆ ಮಾತ್ರ ಎಲ್ಲವನ್ನೂ ನೇರವಾಗಿಯೇ ಇಡಬೇಕು, ಆಗ ಮುಕ್ಕಾಲು ಮೀಟರ್ ಹಿಡಿಯುತ್ತದೆ.

ಈಗ ಹೇಳುವುದನ್ನು ಗಮನವಿಟ್ಟು ಓದು, ಎಲ್ಲರೂ ಎಡವುವುದು ಇಲ್ಲೇ. ಮೊದಲು ಕತ್ತರಿಸಿ ಆಮೇಲೆ ಹೊಲಿಯಬೇಡ. ತ್ರಿಕೋನದ ಓರೆ ಅಂಚು ಹಾಸಿನ (ಉದ್ದದ) ಎಳೆಗೂ ಸೇರಿದ್ದಲ್ಲ, ಹೊಕ್ಕಿನ (ಅಡ್ಡದ) ಎಳೆಗೂ ಸೇರಿದ್ದಲ್ಲ. ಮುಟ್ಟಿದರೆ ಸಾಕು, ಎಳೆದುಕೊಳ್ಳುತ್ತದೆ. ಖಣವಂತೂ ಕತ್ತರಿ ತಾಗಿದ ಕೂಡಲೇ ಎಳೆ ಬಿಡುತ್ತದೆ. ಅದಕ್ಕೇ ಖಣದ ಸುಲ್ಟಾ ಬದಿಯ (ಹೊರಗೆ ಕಾಣುವ ಬದಿಯ) ಮೇಲೆ ಪಂಚೆ ಹಾಸಿ ಗುಂಡುಸೂಜಿ ಚುಚ್ಚು, ಪಂಚೆಯ ಮೇಲೆ ರಟ್ಟಿಟ್ಟು ಪೆನ್ಸಿಲಿನಿಂದ ಗೆರೆ ಎಳೆ. ಗೆರೆಗೆ ಗೆರೆಗೆ ನಡುವೆ ಅರ್ಧ ಇಂಚು ಬಿಡು. ಎರಡೂ ಓರೆ ಗೆರೆಗಳ ಮೇಲೆ ಹೊಲಿ, ಮೇಲ್ಭಾಗ ತೆರೆದೇ ಇರಲಿ. ಆಮೇಲೆ ಮೇಲಿನ ಗೆರೆಯ ಮೇಲೇ ಕತ್ತರಿಸು, ಓರೆ ಬದಿಗಳಲ್ಲಿ ಹೊಲಿಗೆಯಿಂದ ಕಾಲಿಂಚು ಹೊರಗೆ ಕತ್ತರಿಸು.

ಮಷಿನ್ ಹೊಲಿಗೆ ಎರಡು ಮಿಲಿಮೀಟರಿನಷ್ಟು ಸಣ್ಣದಿರಲಿ. ಕೈಯಲ್ಲಿ ಹೊಲಿಯುವುದಾದರೆ ಪ್ರತಿ ಸಲವೂ ಸೂಜಿಯನ್ನು ಒಂದು ಹೆಜ್ಜೆ ಹಿಂದೆ ಚುಚ್ಚಿ ಮುಂದೆ ತೆಗೆ. ಕೌದಿಗೆ ಹಾಕುವ ಸಾದಾ ಓಟದ ಹೊಲಿಗೆ ಇಲ್ಲಿ ತಡೆಯುವುದಿಲ್ಲ, ಪತಾಕೆಯನ್ನು ಒಳಬದಿ ಹೊರಗೆ ಬರುವಂತೆ ತಿರುವುವಾಗ ಬಾಯಿಬಿಡುತ್ತದೆ.

ತುದಿ ಚೂಪಾಗಬೇಕಾದರೆ ಚೂಪಾಗಿ ಹೊಲಿಯಬಾರದು. ಮೂಲೆಗೆ ಬಂದಾಗ ಅಡ್ಡಲಾಗಿ ಒಂದೇ ಒಂದು ಹೊಲಿಗೆ ಹಾಕಿ ಆಮೇಲೆ ತಿರುಗು. ಆ ಒಂದು ಹೊಲಿಗೆಯ ಜಾಗದಲ್ಲೇ ಒಳಗಿನ ಬಟ್ಟೆ ಕೂರಬೇಕು. ಜಾಗ ಸಾಲದಿದ್ದರೆ ಉಂಡೆ ಕಟ್ಟಿ ತುದಿ ಮೊಂಡಾಗುತ್ತದೆ. ಹೊಲಿಗೆಗೆ ತಾಗದಂತೆ ತುದಿಯ ಹೆಚ್ಚುವರಿ ಬಟ್ಟೆ ಕತ್ತರಿಸಿ, ತಿರುವಿ, ಸ್ವೆಟರ್ ಹೆಣೆಯುವ ಕಡ್ಡಿಯಿಂದ ಮೆಲ್ಲಗೆ ಒತ್ತು. ಕತ್ತರಿಯ ಮೊನೆ ಹಾಕಬೇಡ, ತೂತು ಬೀಳುತ್ತದೆ. ಇಸ್ತ್ರಿಯನ್ನು ಪಂಚೆಯ ಬದಿಯಿಂದಲೇ, ಕಡಿಮೆ ಕಾವಿನಲ್ಲಿ ಹಾಕು. ಈಗಿನ ಖಣದಲ್ಲಿ ಕೃತಕ ನೂಲು ಬೆರೆತಿದ್ದರೆ ಬಿಸಿ ಇಸ್ತ್ರಿಗೆ ಮುದುಡುತ್ತದೆ.

ಪೋಣಿಸಲು ಒಂದು ಇಂಚು ಅಗಲದ ಹತ್ತಿ ಪಟ್ಟಿ, ನಾಲ್ಕು ಮೀಟರ್. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಕ್ರಾಸ್ ಪಟ್ಟಿ (ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮಾಡಿದ್ದು) ಕೊಟ್ಟರೆ ಬೇಡ ಅನ್ನು. ಅದು ಕುತ್ತಿಗೆಯ ತಿರುವಿಗೆ ಚೆಂದ, ತೋರಣಕ್ಕೆ ಹಾಕಿದರೆ ದಿನದಿನಕ್ಕೆ ಉದ್ದವಾಗಿ ಜೋತುಬೀಳುತ್ತದೆ. ಪಟ್ಟಿಯನ್ನು ಉದ್ದಕ್ಕೂ ಮಡಚಿ ಇಸ್ತ್ರಿ ಮಾಡುವಾಗ ಸರಿ ಅರ್ಧಕ್ಕೆ ಮಡಚದೆ, ಹಿಂದಿನ ಅರ್ಧ ಒಂದೆರಡು ನೂಲಿನಷ್ಟು ಅಗಲವಾಗಿ ಇರಲಿ. ಸರಿ ಅರ್ಧವಾದರೆ ಮುಂದಿನಿಂದ ಹೊಲಿಗೆ ನೇರವಾಗಿ ಕಾಣುತ್ತದೆ, ಹಿಂದೆ ಮಾತ್ರ ಅಲ್ಲಲ್ಲಿ ತಪ್ಪಿಹೋಗಿರುತ್ತದೆ. ಎರಡೂ ತುದಿಗೆ 31 ಇಂಚು ಖಾಲಿ ಬಿಟ್ಟು, ಪತಾಕೆಯ ತೆರೆದ ಬಾಯಿಯನ್ನು ಮಡಿಕೆಯ ಒಳತನಕ ಸೇರಿಸು. ಪತಾಕೆಗೆ ಪತಾಕೆಗೆ ಎರಡಿಂಚು ಅಂತರ. ಮೊದಲು ಕಚ್ಚಾ ಹೊಲಿಗೆ ಹಾಕಿಕೊ, ಆಮೇಲೆ ಪಟ್ಟಿಯ ಅಂಚಿಗೆ ಹತ್ತಿರವಾಗಿ ಒಂದೇ ಓಟದಲ್ಲಿ ಮಷಿನ್ ಓಡಿಸು. ನಡುವೆ ನಿಲ್ಲಿಸಲೇಬೇಕಾದರೆ ಸೂಜಿ ಬಟ್ಟೆಯೊಳಗೇ ಇರಲಿ.

ಕಟ್ಟುವ ವಿಷಯದಲ್ಲಿ ಮಾತ್ರ ನಾನು ಹೇಳಿದ ಹಾಗೇ ಮಾಡಪ್ಪಾ. ತೊಟ್ಟಿಲ ಮೇಲೆ, ಮಂಚದ ತಲೆದಿಸೆಯಲ್ಲಿ, ಸೊಳ್ಳೆಪರದೆಗೆ ಕಟ್ಟಲೇಬೇಡ. ಉದ್ದನೆಯ ಪಟ್ಟಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುವ ಅಪಾಯವಿದೆ. ಮಂಚದ ಮೇಲೆ ನಿಂತು ಕೈ ಚಾಚಿದರೂ ಸಿಗದ ಗೋಡೆ ಆಗಬೇಕು, ಫ್ಯಾನಿನ ರೆಕ್ಕೆಯಿಂದಲೂ ದೂರ. ಜೋತುಬಿದ್ದ ಪಟ್ಟಿಯ ಕೊನೆಗಳನ್ನು ಗಂಟಿನ ಹತ್ತಿರಕ್ಕೆ ಕತ್ತರಿಸಿಬಿಡು. ಚೆಂದ ಕಾಣಲಿ ಅಂತ ಗುಂಡಿ, ಮಣಿ, ಗೆಜ್ಜೆ, ಕನ್ನಡಿ ಹೊಲಿಯಬೇಡ. ಕಿತ್ತುಬಂದರೆ ನೇರ ಬಾಯಿಗೇ ಹೋಗುತ್ತವೆ. ಎರಡು ಬದಿ ಅಂಟುವ ಟೇಪು ಮಳೆಗಾಲದ ತೇವಕ್ಕೆ ಸುಣ್ಣದ ಸಮೇತ ಕಳಚಿಕೊಳ್ಳುತ್ತದೆ, ಆದ್ದರಿಂದ ಗೋಡೆಗೆ ಮೂರು ಉಕ್ಕಿನ ಮೊಳೆ ಹೊಡಿ, ನಡುವಿನದಕ್ಕೂ ಪಟ್ಟಿಯನ್ನು ಸಿಕ್ಕಿಸು. ಆಗ ಭಾರ ಹಂಚಿಕೊಂಡು ತೋರಣ ಎರಡು ಕಮಾನಾಗಿ ನಿಲ್ಲುತ್ತದೆ.

ಖಣದ ಚೂರುಗಳನ್ನು ಎಸೆಯಬೇಡ. ತೋರಣ ಮುಗಿಯಲಿ, ಅವುಗಳಲ್ಲಿ ಗಿಳಿ ಹೊಲಿಯುವ ಅಳತೆಗಳನ್ನು ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ಮೊದಲ ಪತಾಕೆ ತಿರುವಿದ ಮೇಲೆ ಅದರ ತುದಿಯ ಫೋಟೊ ಕಳಿಸು.

ಇಂತಿ ನಿನ್ನ ಗೆಳೆಯ