ಮೂವತ್ತು ವರ್ಷ ಸುಮ್ಮನಿದ್ದ ಗಿಡ

ಉಟ್ರೆಕ್ಟ್, ಭಾನುವಾರ

ತೀರ್ಥರೂಪ ಅಪ್ಪನವರಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನಿಮ್ಮ ಕ್ಷೇಮವನ್ನು ಕೇಳುವ ಹಾಗಿಲ್ಲ, ತಮ್ಮ ಕಳುಹಿಸಿದ ಫೋಟೊ ನೋಡಿದೆ. ಕಣ್ಣರೆಪ್ಪೆ ಊದಿದೆ, ಕತ್ತಿನ ಚರ್ಮ ಕಪ್ಪಗಾಗಿ ದಪ್ಪಗಾಗಿದೆ. ಅಂಗಿ ಮುಚ್ಚಿದಷ್ಟು ಜಾಗ ಮಾತ್ರ ನೆಟ್ಟಗಿದೆ. ಗಾಳಿಯಲ್ಲಿ ಬಂದು ಕೂರುವ ಏನೋ ಒಂದರ ಕೆಲಸ ಇದು ಎನ್ನಲು ಆ ಅಂಗಿಯ ಗೆರೆಯೊಂದೇ ಸಾಕು.

ಮೊನ್ನೆ ಫೋನಿನಲ್ಲಿ ನೀವು ಸಿಟ್ಟಿನಲ್ಲಿದ್ದಿರಿ. "ಬದುವಿನ ಕಾಂಗ್ರೆಸ್ ಗಿಡವನ್ನು ಮೂವತ್ತು ವರ್ಷ ಬರಿಗೈಯಲ್ಲಿ ಕಿತ್ತವನು ನಾನು. ಆಗ ಇಲ್ಲದ ಕಡಿತ ಈಗೆಲ್ಲಿಂದ ಬಂತು? ಬೆನ್ನಿಗೆ ಪಟ್ಟಿ ಅಂಟಿಸಿ ನೋಡಿ ಡಾಕ್ಟರು ಗಿಡದ ಮೇಲೆ ತಪ್ಪು ಹೊರಿಸುತ್ತಿದ್ದಾರೆ" ಎಂದಿರಿ. ನಾನು ಏನೋ ಹೇಳಿ ಇಟ್ಟುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಇಲ್ಲಿ ನಾನು ಸಂಬಳ ತೆಗೆದುಕೊಳ್ಳುವುದೇ ಈ ಪ್ರಶ್ನೆಗಾಗಿ.

ವಿಷ ಎಂದರೆ ನಮಗೆ ಹೊಲಕ್ಕೆ ಹೊಡೆಯುವ ಔಷಧಿಯೇ ಕಣ್ಣಿಗೆ ಕಟ್ಟುತ್ತದೆ: ಮೈಗೆ ಹೋಯಿತು, ಅಂದೇ ತಲೆ ತಿರುಗಿತು, ವಾಂತಿಯಾಯಿತು. ಈ ಗಿಡದ್ದು ಆ ಜಾತಿಯಲ್ಲ. ಎಲೆಯ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ವಸ್ತುವಿದೆ. ಅದರ ಅಣು ಎಷ್ಟು ಚಿಕ್ಕದೆಂದರೆ, ಒಂಟಿಯಾಗಿ ಬಂದರೆ ದೇಹದ ಕಾವಲು ಪಡೆ ತಿರುಗಿಯೂ ನೋಡುವುದಿಲ್ಲ. ಆದರೆ ಅದರ ಒಂದು ಮೂಲೆಯಲ್ಲಿ ಕೊಕ್ಕೆಯಿದೆ. ಚರ್ಮದ ಒಳಗಿನ ಪ್ರೋಟೀನಿನಲ್ಲಿ ಗಂಧಕವಿರುವ ಕಡೆ ಆ ಕೊಕ್ಕೆ ಸಿಕ್ಕಿಕೊಂಡರೆ ಮತ್ತೆ ಬಿಡಿಸಿಕೊಳ್ಳುವುದು ಕಷ್ಟ. ನಮ್ಮ ಹಸುವಿನ ಕೊರಳಿಗೇ ಯಾರೋ ಬೇರೆ ಗಂಟೆ ಕಟ್ಟಿದ ಹಾಗೆ ಇದು. ಹಸು ನಮ್ಮದೇ, ಆದರೆ ಸದ್ದು ಬೇರೆಯಾದದ್ದರಿಂದ ಮನೆಯ ನಾಯಿ ಬೊಗಳುತ್ತದೆ.

ಮೊದಲು ಗಾಬರಿ ಬೀಳುವುದು ಚರ್ಮದ ಮೇಲ್ಪದರದ ಜೀವಕೋಶಗಳು. ಅವುಗಳ ಕೂಗು ಕೇಳಿ ಅಲ್ಲೇ ಕಾವಲಿರುವ ಇನ್ನೊಂದು ಬಗೆಯ ಕೋಶ ಎದ್ದು, ಆ ಬದಲಾದ ಪ್ರೋಟೀನಿನ ಚೂರನ್ನು ಹೊತ್ತುಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತದೆ. ಅಲ್ಲಿ ಟಿ ಕೋಶಗಳು, ಅಂದರೆ ಕಾವಲು ಪಡೆಯ ಒಂದು ಬಗೆಯ ಬಿಳಿ ರಕ್ತಕಣಗಳು, ಅದನ್ನು ಗುರುತು ಹಿಡಿದು, ಸಂಖ್ಯೆ ಹೆಚ್ಚಿಸಿಕೊಂಡು, ನೆನಪಿಟ್ಟುಕೊಳ್ಳುತ್ತವೆ. ಗಮನಿಸಿ ಅಪ್ಪ, ಇಷ್ಟೆಲ್ಲ ಆಗುವವರೆಗೂ ಒಂದು ಸಲವೂ ಕೆರೆದುಕೊಳ್ಳಬೇಕೆನಿಸುವುದಿಲ್ಲ. ಆ ನೆನಪು ನಿಂತ ಮೇಲೆ ಗಿಡ ಮತ್ತೆ ತಾಗಿದಾಗಲೇ ಕಡಿತ. ಮೂವತ್ತು ವರ್ಷ ಕೊಕ್ಕೆಗಳು ಸಿಕ್ಕಿಕೊಳ್ಳುತ್ತಲೇ ಇದ್ದಿರಬೇಕು, ಮುಂದಿನ ಮೆಟ್ಟಿಲಿಗೆ ಹೋಗದೆ ಅಲ್ಲಲ್ಲೇ ಅಳಿಸಿಹೋಗಿರಬೇಕು. ಯಾವುದೋ ಒಂದು ವರ್ಷ ಕೊನೆಯವರೆಗೂ ಹೋಯಿತು. ಈಗ ಅಷ್ಟಿಷ್ಟು ಧೂಳೇ ಸಾಕು.

ಹೀಗೆ ರಾಸಾಯನಿಕ ಮೊದಲು ಎಲ್ಲಿ ಕೈ ಹಾಕಿತು ಎಂಬಲ್ಲಿಂದ ಹಿಡಿದು ರೋಗದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬರೆಯುವುದಕ್ಕೆ 'ಅಡ್ವರ್ಸ್ ಔಟ್‌ಕಮ್ ಪಾತ್‌ವೇ' ಎನ್ನುತ್ತಾರೆ. ದುಷ್ಪರಿಣಾಮದ ಹಾದಿ ಎನ್ನಬಹುದು. ಅಮೆರಿಕದ ವಿಷವಿಜ್ಞಾನಿ ಜೆರಾಲ್ಡ್ ಆಂಕ್ಲಿ ಮತ್ತು ಸಂಗಡಿಗರು 2010ರಲ್ಲಿ ಇದನ್ನು ಒಂದು ಚೌಕಟ್ಟಾಗಿ ಮುಂದಿಟ್ಟರು. 2012ರಲ್ಲಿ ಒಇಸಿಡಿ ಎಂಬ ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆ ಪ್ರಕಟಿಸಿದ್ದು ಈ ಚರ್ಮದ ಅಲರ್ಜಿಯ ಹಾದಿಯನ್ನೇ.

ಕೊಕ್ಕೆ ಸಿಕ್ಕಿಕೊಳ್ಳುವುದು ಮೊದಲ ಮೆಟ್ಟಿಲು. ನನ್ನ ಪಾಲಿಗೆ ಬಂದಿರುವುದು ಎರಡನೆಯದು, ಮೇಲ್ಪದರದ ಕೋಶಗಳ ಗಾಬರಿ. ಮನುಷ್ಯನ ಚರ್ಮದ ಕೋಶಗಳಿಗೆ ಮಿಂಚುಹುಳದ ಒಂದು ಜೀನ್ ಸೇರಿಸಿರುತ್ತಾರೆ. ನಾನು ಅವುಗಳನ್ನು 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ, ಪರೀಕ್ಷಿಸಬೇಕಾದ ವಸ್ತುವನ್ನು ಹನ್ನೆರಡು ಪ್ರಮಾಣಗಳಲ್ಲಿ ಹಾಕಿ 48 ಗಂಟೆ ಬಿಡುತ್ತೇನೆ. ಕೋಶಗಳು ಗಾಬರಿಯಾದರೆ ಬೆಳಕು ಬರುತ್ತದೆ. ನಮ್ಮ ಹೊಂಗೆ ಮರದ ಹುಳಗಳ ಹಾಗೆ ಕಣ್ಣಿಗೆ ಕಾಣುವ ಬೆಳಕಲ್ಲ, ಯಂತ್ರ ಎಣಿಸಿ ಹೇಳಬೇಕು. ಏನೂ ಹಾಕದ ಗುಳಿಗಿಂತ ಒಂದೂವರೆ ಪಟ್ಟು ದಾಟಿದರೆ ಅನುಮಾನ. ಆದರೆ ಪ್ರಮಾಣ ಹೆಚ್ಚಾಗಿ ಕೋಶಗಳು ಸಾಯತೊಡಗಿದ್ದರೆ ಆ ಬೆಳಕನ್ನು ನಂಬುವ ಹಾಗಿಲ್ಲ. ಎಷ್ಟೋ ಶನಿವಾರಗಳು ಈ ಜಗಳದಲ್ಲೇ ಕಳೆದಿವೆ.

ಮೊದಲು ಇದಕ್ಕೆಲ್ಲ ಗಿನಿಯಿಲಿಯ ಬೆನ್ನು ಬೋಳಿಸುತ್ತಿದ್ದರು, ಆಮೇಲೆ ಇಲಿಗಳ ಕಿವಿಗೆ ಹಚ್ಚಿದರು. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನಗಳ ಮಾರಾಟ ಯುರೋಪಿನಲ್ಲಿ 2013ರಿಂದ ಪೂರ್ತಿ ನಿಂತಿತು, ನಮ್ಮ ದೇಶದಲ್ಲೂ 2014ರಲ್ಲಿ ಪ್ರಸಾಧನಗಳಿಗಾಗಿ ಪ್ರಾಣಿಗಳ ಮೇಲಿನ ಪರೀಕ್ಷೆಗೆ ನಿಷೇಧ ಬಂತು. ಈಗ ಮೊದಲ ಮೂರು ಮೆಟ್ಟಿಲಿಗೂ ಒಂದೊಂದು ಪರೀಕ್ಷೆಯಿದೆ. ಮೂರರಲ್ಲಿ ಎರಡು ಒಂದೇ ಮಾತು ಹೇಳಿದರೆ ಒಪ್ಪಬಹುದು ಎಂಬ ಮಾರ್ಗಸೂಚಿ 2021ರಲ್ಲಿ ಬಂತು. ಪಂಚಾಯಿತಿ ಕಟ್ಟೆಯ ನ್ಯಾಯ ಎಂದು ನೀವು ನಗಬಹುದು, ನನಗೂ ಮೊದಲು ಹಾಗೆಯೇ ಅನಿಸಿತ್ತು.

ಈ ಹಾದಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳೂ ಇವೆ. ಅಮ್ಮ ನಿಮ್ಮ ಜೊತೆಯಲ್ಲೇ ಅದೇ ಗಿಡ ಕಿತ್ತಳು, ಅವಳಿಗೇಕೆ ಏನೂ ಇಲ್ಲ? ನನ್ನ ತಟ್ಟೆಯಲ್ಲಿರುವುದು ಒಂದೇ ಬಗೆಯ ಕೋಶ. ಅದಕ್ಕೆ ಬಿಸಿಲಿಲ್ಲ, ಬೆವರಿಲ್ಲ, ವಯಸ್ಸಿಲ್ಲ. ನಕಾಶೆಯಲ್ಲಿ ರಸ್ತೆ ಇದೆಯೆಂದ ಮಾತ್ರಕ್ಕೆ ಯಾರ ಗಾಡಿ ಯಾವಾಗ ಹೊರಡುತ್ತದೆ ಎಂದು ಹೇಳಲಾಗುವುದಿಲ್ಲ. ನಮ್ಮವರೇ ಕೆಲವರು ಇದನ್ನು ಮರೆಯುತ್ತಾರೆ.

ಈಗ ಕೆಲಸದ ಮಾತು. ಟಿ ಕೋಶಗಳು ಒಟ್ಟುಗೂಡಿ ಬರಲು ಒಂದು ದಿನ, ಎರಡು ದಿನ ಬೇಕು. ಅದಕ್ಕೇ ನೀವು ಯಾವಾಗಲೂ ತಪ್ಪು ಕಳ್ಳನನ್ನು ಹಿಡಿಯುತ್ತೀರಿ. ಕಡಿತ ಹೆಚ್ಚಾದ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ, ಅದರ ಹಿಂದಿನ ಎರಡು ದಿನ ಎಲ್ಲಿದ್ದಿರಿ ಎಂದು ಬರೆದಿಡಿ. ಸೇವಂತಿಗೆ ಕೊಯ್ದ ದಿನಗಳನ್ನೂ ಬರೆಯಿರಿ. ಅದೂ ಇದೇ ಕುಟುಂಬದ ಗಿಡ, ಅದರಲ್ಲೂ ಇಂಥದೇ ಕೊಕ್ಕೆಯ ವಸ್ತುಗಳಿವೆ. ಒಮ್ಮೆ ನೆನಪು ಕೂತ ದೇಹಕ್ಕೆ ಎರಡರ ವ್ಯತ್ಯಾಸ ಎಷ್ಟೋ ಸಲ ತಿಳಿಯುವುದಿಲ್ಲ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ತೆಗೆಸಿ, ನೀವು ಮಾತ್ರ ಕೈ ಹಾಕಬೇಡಿ. ಎಲೆ ತಿನ್ನುವ ಆ ಪಟ್ಟೆಪಟ್ಟೆಯ ಹುಳವನ್ನು ಹೊಸಕಬೇಡಿ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು ಅದನ್ನೇ, ಈ ಕಳೆಯನ್ನು ತಿನ್ನಲೆಂದು. ಡಾಕ್ಟರು ಕೊಟ್ಟ ಮುಲಾಮನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ಅಮ್ಮ, ಇಷ್ಟು ನಿನಗೆ. ನಂಜು ಎಂದು ಎರಡು ತಿಂಗಳಿಂದ ಬದನೆಕಾಯಿಯನ್ನು ಮನೆಗೆ ಸೇರಿಸಿಲ್ಲವಂತೆ. ಪಾಪ, ಹಿಂದಿನ ರಾತ್ರಿ ತಟ್ಟೆಯಲ್ಲಿದ್ದದ್ದೇ ಅದರ ತಪ್ಪು. ಈ ವಾರ ಅಪ್ಪನಿಗೆ ಎಣ್ಣೆಗಾಯಿ ಮಾಡಿ ಹಾಕು. ನನ್ನ ಹೆಸರಿನಲ್ಲಿ ಒಂದು ಹೆಚ್ಚಿಗೆ ಬಡಿಸು.

ಇಂತಿ ನಿಮ್ಮ ಮಗಳು